ಟಾಟಾ ಇನ್‌ಸ್ಟಿಟ್ಯೂಟ್ ಸ್ಟಾಪಿನಲ್ಲಿ ಇಳಿದವರು

ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ನಮ್ಮ ಕೈಗೆ ಸಿಕ್ಕಿದ್ದು ಪತ್ರಿಕೆಯ ಜೊತೆ ಬಂದ ಸಿ.ಡಿ.ಯಲ್ಲಿ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಸ್ಲ್ಯಾಕ್‌ವೇರ್ ಎಂಬ ಲಿನಕ್ಸನ್ನು ಸಿ.ಡಿ.ಗೆ ಹಾಕಿ ಓದುಗರಿಗೆ ಹಂಚಿತು. ಆ ಸಾಹಸದ ಹಿಂದಿದ್ದವರು ಬೆಂಗಳೂರಿನ ಅತುಲ್ ಚಿಟ್ನಿಸ್. ಅಷ್ಟು ದೊಡ್ಡ ತಂತ್ರಾಂಶವನ್ನು ಫೋನ್ ಲೈನಿನಲ್ಲಿ ಇಳಿಸಿಕೊಳ್ಳುವುದು ಆಗ ಆಗದ ಹೋಗದ ಮಾತು. ಸಿ.ಡಿ. ಹಾಸ್ಟೆಲಿನ ಕೋಣೆಯಿಂದ ಕೋಣೆಗೆ ತಿರುಗಿ, ಗೀರು ಬಿದ್ದು, ಕೊನೆಗೆ ಯಾರದೆಂದೇ ಮರೆತುಹೋಗುತ್ತಿತ್ತು. ಮುಂದೆ ಉಬುಂಟು ಎಂಬ ಇನ್ನೊಂದು ಲಿನಕ್ಸಿನವರು ಕೇಳಿದವರಿಗೆಲ್ಲ ಪುಕ್ಕಟೆ ಸಿ.ಡಿ. ಅಂಚೆಗೆ ಹಾಕತೊಡಗಿದಾಗ ನಮ್ಮೂರ ಪೋಸ್ಟ್‌ಮ್ಯಾನ್ "ಫಾರಿನ್ನಿಂದ ಬಂದಿದೆ" ಎಂದು ಗೇಟಿನಿಂದಲೇ ಕೂಗಿ, ಕಾಫಿ ಕುಡಿದೇ ಹೋಗುತ್ತಿದ್ದ.

ಆಗ ನಮಗೆ ಒಬ್ಬರಿಗೊಬ್ಬರ ಮುಖ ಗೊತ್ತಿರಲಿಲ್ಲ. ಐಆರ್‌ಸಿ ಎಂಬ ಆನ್‌ಲೈನ್ ಹರಟೆಕಟ್ಟೆಯಲ್ಲಿ ಎಲ್ಲರಿಗೂ ಒಂದೊಂದು ನಿಕ್, ಅಂದರೆ ಅಡ್ಡಹೆಸರು. ಲಿನಕ್ಸಿನ ತಿರುಳಾದ ಕರ್ನಲ್ ಕಂಪೈಲ್ ಆಗದೆ ಒದ್ದಾಡುವಾಗ ಕೈಹಿಡಿದವನು ಪುಣೆಯವನೋ ಕೊಚ್ಚಿಯವನೋ, ವಿದ್ಯಾರ್ಥಿಯೋ ಮೇಷ್ಟ್ರೋ ತಿಳಿಯದು. ಮೊದಲು ಡಯಲ್-ಅಪ್, ಫೋನ್ ಬಿಲ್ ಬಂದ ದಿನ ಅಪ್ಪನ ಬೈಗುಳ. ಆಮೇಲೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡಿನಲ್ಲಿ ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕಕ್ಕಿಲ್ಲ ಎಂಬ ಪ್ಲಾನ್ ಬಂತು. ಅಲಾರಂ ಇಟ್ಟು ಎದ್ದು, ಡೌನ್‌ಲೋಡಿಗೆ ಹಚ್ಚಿ, ಬೆಳಕು ಹರಿಯುವವರೆಗೆ ಹರಟೆ. "ಕಳ್ಳರು ಮಲಗೋ ಹೊತ್ತಿಗೆ ಏಳ್ತಾನಲ್ಲಪ್ಪ ಇವನು" ಎಂದು ಅಮ್ಮ ಗೊಣಗುತ್ತಿದ್ದರು.

ಆ ನಿಕ್‌ಗಳಿಗೆಲ್ಲ ಮುಖ ಬಂದದ್ದು ಚಿಟ್ನಿಸ್ ಮತ್ತು ಗೆಳೆಯರು 2001ರಲ್ಲಿ ಆರಂಭಿಸಿದ 'ಲಿನಕ್ಸ್ ಬ್ಯಾಂಗಲೋರ್' ಸಮ್ಮೇಳನದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಜೆ.ಎನ್. ಟಾಟಾ ಸಭಾಂಗಣ. ಬಸ್ಸಿನಲ್ಲಿ "ವಿಜ್ಞಾನ ಸಂಸ್ಥೆ" ಎಂದರೆ ಕಂಡಕ್ಟರ್ ಮುಖ ನೋಡುತ್ತಿದ್ದ. "ಟಾಟಾ ಇನ್‌ಸ್ಟಿಟ್ಯೂಟ್" ಎಂದರೆ ಮರುಮಾತಿಲ್ಲದೆ ಟಿಕೆಟ್. ಪುಣೆಯವನು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಬರುತ್ತಿದ್ದ, ಕೊಚ್ಚಿಯವನು ಐಲೆಂಡ್ ಎಕ್ಸ್‌ಪ್ರೆಸ್ಸಿನಲ್ಲಿ. ಇಬ್ಬರೂ ನಮ್ಮ ರೂಮಿನ ಚಾಪೆಯ ಮೇಲೆ ಬ್ಯಾಗು ಎಸೆದು, ಸ್ನಾನ ಮುಗಿಸಿ, ಮಲ್ಲೇಶ್ವರದ ವೀಣಾ ಸ್ಟೋರ್ಸಿನ ಮುಂದೆ ಫುಟ್‌ಪಾತಿನಲ್ಲಿ ನಿಂತು ಇಡ್ಲಿ ತಿಂದರೆ ಅಲ್ಲಿಗೆ ಸಮ್ಮೇಳನ ಉದ್ಘಾಟನೆಯಾದಂತೆ. ಚಟ್ನಿ ಇನ್ನೊಂದು ಸಲ ಹಾಕಿಸಿಕೊಳ್ಳಲು ಸಾಲಿನಲ್ಲಿದ್ದಾಗಲೇ ಕೋಡ್ ಬರೆಯಲು ವಿಮ್ ಒಳ್ಳೆಯದೋ ಈಮ್ಯಾಕ್ಸ್ ಒಳ್ಳೆಯದೋ ಎಂಬ ಜಗಳ ಶುರುವಾಗಿರುತ್ತಿತ್ತು.

ನಿಜ ಹೇಳಬೇಕೆಂದರೆ, ಒಳಗೆ ಕೇಳಿದ ಭಾಷಣಗಳಲ್ಲಿ ಮುಕ್ಕಾಲುಪಾಲು ಮರೆತುಹೋಗಿವೆ. ನೆನಪಿರುವುದು ಹೊರಗಿನ ಮೆಟ್ಟಿಲು. ಪರದೆಯ ಮೇಲೆ ಕನ್ನಡ ಮೂಡಿಸುವುದೇ ಆಗ ದೊಡ್ಡ ರಗಳೆ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಲ್ಲುವುದು, ಗುಣಿತದ ಚಿಹ್ನೆ ತನ್ನ ಅಕ್ಷರ ಬಿಟ್ಟು ಚುಕ್ಕಿಗಳ ಒಂದು ಉಂಗುರಕ್ಕೆ ಅಂಟಿಕೊಳ್ಳುವುದು, ಎಲ್ಲ ಇತ್ತು. ಅದನ್ನು ಸರಿಪಡಿಸಲೆಂದು ನಾನು ಕಳಿಸಿದ ಪ್ಯಾಚನ್ನು, ಅಂದರೆ ಕೋಡಿನ ತಿದ್ದುಪಡಿಯನ್ನು, ಯುರೋಪಿನ ಒಬ್ಬ ಪ್ರೋಗ್ರಾಮರ್ ಒಂದೇ ಸಾಲಿನಲ್ಲಿ ತಿರಸ್ಕರಿಸಿದ್ದ. ಅದೇ ಮನುಷ್ಯ ಆ ಮೆಟ್ಟಿಲ ಮೇಲೆ ಕೂತು ಪ್ಲಾಸ್ಟಿಕ್ ಲೋಟದಲ್ಲಿ ಚಹಾ ಊದುತ್ತಿದ್ದ. ಪಕ್ಕದಲ್ಲಿ ಕೂತು, ಕಾರ್ಯಕ್ರಮ ಪಟ್ಟಿಯ ಹಿಂಬದಿಯಲ್ಲಿ 'ಸೂರ್ಯ' ಎಂದು ಬರೆದು ತೋರಿಸಿದೆ. ಬಾಯಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಯಕಾರ ದಾಟಿ ಹಿಂದೆ ಹೋಗಿ ಅರ್ಕಾವೊತ್ತಾಗಿ ಕೂರುತ್ತದೆ; ಯೂನಿಕೋಡಿನಲ್ಲಿ ಮಾತ್ರ ಅದು ಉಚ್ಚಾರದ ಕ್ರಮದಲ್ಲೇ, ಯಕಾರಕ್ಕಿಂತ ಮುಂಚೆಯೇ ದಾಖಲಾಗುತ್ತದೆ. ಆತ ಆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹಾಗಾದರೆ ಕರ್ಸರ್ ಎಲ್ಲಿ ನಿಲ್ಲಬೇಕು?" ಎಂದ. ಸರಿಯಾದ ಪ್ರಶ್ನೆ. ಮಧ್ಯಾಹ್ನದ ಊಟ ತಪ್ಪಿತು. ಆಮೇಲೂ ಆತ ನನ್ನ ಪ್ಯಾಚುಗಳನ್ನು ಒಂದೇ ಸಾಲಿನಲ್ಲಿ ತಿರಸ್ಕರಿಸುತ್ತಿದ್ದ. ಆದರೆ ಆ ಸಾಲನ್ನು ಓದುವಾಗ ಚಹಾ ಊದುವ ಆ ಮುಖ ಕಣ್ಣೆದುರು ಬರುತ್ತಿತ್ತು, ಸಿಟ್ಟು ಬರುತ್ತಿರಲಿಲ್ಲ. ಕೋಡನ್ನು ಮನೆಯಲ್ಲಿ ಕೂತೂ ಬರೆಯಬಹುದಿತ್ತು. ಊರೂರಿನವರು ರೈಲು ಹತ್ತಿ ಬರುತ್ತಿದ್ದುದು ಹೀಗೆ ಮುಖ ನೋಡುವುದಕ್ಕೆ.

2005ರಲ್ಲಿ ಸಮ್ಮೇಳನ 'ಫಾಸ್ ಡಾಟ್ ಇನ್' ಎಂದು ಹೆಸರು ಬದಲಿಸಿಕೊಂಡು ಬೆಂಗಳೂರು ಅರಮನೆಗೆ ಹೋಯಿತು. ಕರ್ನಲ್ ಕೋಡಿನಲ್ಲಿ ಮಾತ್ರ ಹೆಸರು ಕಂಡಿದ್ದ ಗಡ್ಡದ ಆಲನ್ ಕಾಕ್ಸ್ ನಮ್ಮ ನಡುವೆಯೇ ಓಡಾಡಿದ್ದರು. ಮರುವರ್ಷ ಮತ್ತೆ ಟಾಟಾ ಇನ್‌ಸ್ಟಿಟ್ಯೂಟ್. 2008ರ ಹೊತ್ತಿಗೆ ಭಾಷಣ ಕಡಿಮೆ ಮಾಡಿ, ಕೂತು ಕೋಡ್ ಬರೆಯುವ 'ವರ್ಕ್‌ಔಟ್'ಗಳನ್ನು ಇಟ್ಟರು. ಬರೀ ಬಳಸುವವರಾದರೆ ಸಾಲದು, ಕೈಜೋಡಿಸಿ ಎಂಬ ಹಟ ಚಿಟ್ನಿಸರದು. ಮಾತು ಖಡಕ್, ಕೆಲವರು ಮುನಿಸಿಕೊಂಡರು. ನನಗಂತೂ ಅದು ಸರಿ ಎನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಮುಂದೆ ನಿಮ್ಹಾನ್ಸ್ ಸಭಾಭವನ. ಬೆಳ್ಳಂಬೆಳಿಗ್ಗೆ ಲ್ಯಾಪ್‌ಟಾಪ್ ಬ್ಯಾಗು ಹೊತ್ತ ಮೂವರು ನಿದ್ದೆಗೆಟ್ಟ ಕಣ್ಣಲ್ಲಿ "ನಿಮ್ಹಾನ್ಸ್" ಎಂದರೆ ಆಟೋದವರು ಮೀಟರ್ ಮೇಲೆ ಕೇಳುವುದನ್ನೂ ಮರೆತು, "ಯಾರನ್ನ ಅಡ್ಮಿಟ್ ಮಾಡಿದೀರ ಸಾರ್?" ಎಂದು ವಿಚಾರಿಸುತ್ತಿದ್ದರು.

ಬ್ರಸೆಲ್ಸಿನ ಫಾಸ್‌ಡೆಮ್ ಸಮ್ಮೇಳನಕ್ಕೂ ಹೋಗಿಬಂದೆವು. ಫೆಬ್ರುವರಿಯ ಚಳಿ, ವಿಶ್ವವಿದ್ಯಾಲಯದ ಸೊಲ್‌ಬಾಷ್ ಎಂಬ ಆವರಣ. ಶುಲ್ಕವಿಲ್ಲ, ಹೆಸರು ನೋಂದಾಯಿಸಬೇಕಿಲ್ಲ, ನಡೆದು ಒಳಗೆ ಹೋದರಾಯಿತು. ವೀಸಾ ಕೇಳುವಾಗ ಮಾತ್ರ "ಈ ಕೆಲಸಕ್ಕೆ ಸಂಬಳ ಯಾರು ಕೊಡುತ್ತಾರೆ?" ಎಂಬ ಪ್ರಶ್ನೆಗೆ "ಯಾರೂ ಇಲ್ಲ" ಎಂಬ ನಮ್ಮ ಉತ್ತರ ಅಲ್ಲಿ ಯಾರಿಗೂ ಹಿಡಿಸಲಿಲ್ಲ. ಫಾಸ್‌ಡೆಮ್‌ನಲ್ಲಿ ಕೀ-ಸೈನಿಂಗ್ ಸಾಲಿನಲ್ಲಿ, ಅಂದರೆ ಒಬ್ಬರ ಡಿಜಿಟಲ್ ಕೀ ಅವರದೇ ಎಂದು ಇನ್ನೊಬ್ಬರು ಖಾತ್ರಿಪಡಿಸುವ ಸಾಲಿನಲ್ಲಿ, ನಿಂತದ್ದನ್ನು ಮರೆಯಲಾರೆ. ಒಂದು ಕೈಯಲ್ಲಿ ಪಾಸ್‌ಪೋರ್ಟ್, ಇನ್ನೊಂದರಲ್ಲಿ 40 ಅಕ್ಷರ-ಅಂಕಿಗಳ ಫಿಂಗರ್‌ಪ್ರಿಂಟ್ ಪಟ್ಟಿ. ಎದುರಿನವರ ಫೋಟೋ ನೋಡಿ, ಹೆಸರು ನೋಡಿ, ಗುರುತು ಹಾಕಿ, ಒಂದು ಹೆಜ್ಜೆ ಸರಿಯಬೇಕು. ಸರಿಯುತ್ತ ಸರಿಯುತ್ತ ಎದುರಿಗೆ ಬಂದವನು ನಮ್ಮ ಕೊಚ್ಚಿಯವನೇ! ನಾನು ನಕ್ಕು ದಾಟಹೊರಟೆ. "ಪಾಸ್‌ಪೋರ್ಟ್ ತೋರಿಸು" ಎಂದ ಗಂಭೀರವಾಗಿ. ನಮ್ಮ ಚಾಪೆಯ ಮೇಲೆ ಮಲಗಿದವನು! ತೋರಿಸಿದೆ. ಅವನದನ್ನೂ ಇಸಿದುಕೊಂಡು ನೋಡಿದೆ: ಮನೆಹೆಸರು, ಅಪ್ಪನ ಹೆಸರು ಸೇರಿ ಇಷ್ಟುದ್ದದ ಹೆಸರು. ಅಷ್ಟು ವರ್ಷ ನಿಕ್ ಹಿಡಿದೇ ಕರೆದಿದ್ದೆ.

2012ರ ಸಮ್ಮೇಳನವೇ ಕೊನೆಯದಾಯಿತು. 2013ರ ಜೂನ್ 3ರಂದು ಚಿಟ್ನಿಸ್ ತೀರಿಕೊಂಡರು. ಐವತ್ತೊಂದರ ವಯಸ್ಸು, ಕ್ಯಾನ್ಸರ್. ಆ ದಿನ ಐಆರ್‌ಸಿ ಚಾನೆಲ್ಲಿನಲ್ಲಿ ವರ್ಷಗಳಿಂದ ಕಾಣದ ನಿಕ್‌ಗಳೆಲ್ಲ ಬಂದವು.

2023ರ ಸೆಪ್ಟೆಂಬರಿನಲ್ಲಿ ಡೆಬಿಯನ್ ಎಂಬ ಲಿನಕ್ಸಿನವರ ಜಾಗತಿಕ ಸಮ್ಮೇಳನ ಮೊದಲ ಬಾರಿಗೆ ಭಾರತಕ್ಕೆ, ಅದೂ ಕೊಚ್ಚಿಗೆ ಬಂತು. ಅಲ್ಲಿ ಊರೂರಿನವರು ತಮ್ಮ ಕಡೆಯ ತಿನಿಸು ತಂದು ಹಂಚಿ ತಿನ್ನುವ ಚೀಸ್-ವೈನ್ ರಾತ್ರಿಯೊಂದಿರುತ್ತದೆ. ನಾನು ಧಾರವಾಡ ಪೇಡೆ ಒಯ್ದಿದ್ದೆ, ಫ್ರಾನ್ಸಿನ ಚೀಸಿಗಿಂತ ಮೊದಲು ಖಾಲಿಯಾಯಿತು. ಪುಣೆಯವನೂ ಬಂದಿದ್ದ. ಈಗ ಮ್ಯಾನೇಜರ್. ಕೋಡ್ ಮುಟ್ಟಿ ವರ್ಷಗಳಾದವು, ಸುಮ್ಮನೆ ಎಲ್ಲರನ್ನೂ ನೋಡಿ ಹೋಗೋಣ ಅಂತ ಬಂದೆ ಎಂದ. ಮರುದಿನ ಸಂಜೆ ನೋಡಿದರೆ ಒಬ್ಬ ಕಾಲೇಜು ಹುಡುಗಿಯ ಪಕ್ಕ ಕೂತು, ಅವಳ ಪ್ಯಾಕೇಜು ಯಾಕೆ ಬಿಲ್ಡ್ ಆಗುತ್ತಿಲ್ಲವೆಂದು ಹುಡುಕುತ್ತಿದ್ದ. ನಾನೂ ಕೊಚ್ಚಿಯವನೂ ಊಟಕ್ಕೆ ಕರೆದೆವು. "ಐದೇ ನಿಮಿಷ" ಎಂದ, ಪರದೆಯಿಂದ ಕಣ್ಣು ಕೀಳದೆ. ನಾವಿಬ್ಬರೂ ಹೋಗಿ ಮೀನಿನ ಸಾರಿನಲ್ಲಿ ಉಂಡು ಬಂದೆವು. ಅವನ ಪಾಲಿಗೆ ಪರೋಟ ಕಟ್ಟಿಸಿಕೊಂಡು ಬಂದಿದ್ದೆವು.