ಅಮೀನದೀವಿಯ ಕಡಲು

ಲಕ್ಷದ್ವೀಪವೆಂಬ ಹೆಸರನ್ನು ಕೇಳಿದ ಕೂಡಲೆ ಅಲ್ಲಿ ಲಕ್ಷಾವಧಿ ದ್ವೀಪಗಳಿರಬೇಕೆಂದು ಬಗೆಯುವುದು ಸಹಜವೇ ಸರಿ. ವಾಸ್ತವವಾಗಿ ಅಲ್ಲಿರುವುವು ಸುಮಾರು 36. ಅವುಗಳಲ್ಲಿ ಜನವಸತಿಯುಳ್ಳವು 10 ಮಾತ್ರ. ಎಲ್ಲವನ್ನೂ ಕೂಡಿಸಿದರೆ ನೆಲದ ವಿಸ್ತಾರವು ಸುಮಾರು 32 ಚದರ ಕಿಲೋಮೀಟರು. ನಮ್ಮ ಕಡೆಯ ಒಂದೆರಡು ದೊಡ್ಡ ಗ್ರಾಮಗಳ ಎಲ್ಲೆಯೊಳಗೆ ಅಡಗಿಹೋಗುವಷ್ಟು. ಉತ್ಪ್ರೇಕ್ಷಾಲಂಕಾರವು ಕವಿಗಳ ಸೊತ್ತೆಂದು ನಾವು ಪಾಠ ಹೇಳುತ್ತಿದ್ದೆವು. ಭೂಗೋಳದಲ್ಲಿಯೂ ಅದಕ್ಕೆ ಪ್ರವೇಶವುಂಟೆಂದು ಇದರಿಂದ ತಿಳಿಯುವುದು.

ಈ ದ್ವೀಪಗಳಲ್ಲಿ ಉತ್ತರ ಭಾಗದ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬವು ಅಮೀನದೀವಿಗಳೆಂದು ಪ್ರಸಿದ್ಧವಾದವು. ಇವು ಬಹುಕಾಲ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದುವೆಂಬ ಸಂಗತಿಯು ಇಂದಿನ ತರುಣರಲ್ಲಿ ಅನೇಕರಿಗೆ ತಿಳಿದಿರಲಾರದು. 1780ರ ದಶಕದಲ್ಲಿ ಇಲ್ಲಿಯ ಜನರು ಕಣ್ಣಾನೂರಿನ ಅರಕ್ಕಲ್ ಮನೆತನದ ಆಳಿಕೆಯಿಂದ ಬೇಸತ್ತು ಟೀಪು ಸುಲ್ತಾನನ ಆಶ್ರಯವನ್ನು ಪಡೆದರು. 1799ರಲ್ಲಿ ಆತನು ಮಡಿದ ಮೇಲೆ ದ್ವೀಪಗಳು ಇಂಗ್ಲಿಷ್ ಕಂಪನಿಯ ವಶವಾದವು. ಅಂದಿನಿಂದ 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶವು ನಿರ್ಮಾಣವಾಗುವವರೆಗೂ ಇವುಗಳಿಗೆ ಮಂಗಳೂರೇ ಕಚೇರಿ, ಮಂಗಳೂರೇ ಪೇಟೆ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ‘ಓಡ’ವೆಂಬ ತಮ್ಮ ಹಾಯಿಹಡಗುಗಳಲ್ಲಿ ಹೇರಿಕೊಂಡು ಮಂಗಳೂರಿಗೆ ಬರುವರು, ಸರಕಾರವು ಗೊತ್ತುಮಾಡಿದ ಬೆಲೆಗೆ ಅದನ್ನು ಒಪ್ಪಿಸಿ ಅಕ್ಕಿಯನ್ನು ಕೊಂಡೊಯ್ಯುವರು. ಬೇರೆಯವರಿಗೆ ಮಾರುವ ಸ್ವಾತಂತ್ರ್ಯವು ಅವರಿಗಿರಲಿಲ್ಲ. ಕಡಲಿನ ಅಪಾಯವೆಲ್ಲ ಅವರದು, ಬೆಲೆ ಕಟ್ಟುವ ಅಧಿಕಾರವು ದಡದಲ್ಲಿದ್ದವರದು. ಇದನ್ನು ನ್ಯಾಯವೆನ್ನಲು ನನ್ನ ನಾಲಗೆಯು ಏಳುವುದಿಲ್ಲ.

ಅಪಾಯವೆಂದರೆ ಎಂತಹುದೆಂಬುದನ್ನು ತಿಳಿಯಬೇಕಾದರೆ ದ್ವೀಪದ ರಚನೆಯನ್ನು ಮೊದಲು ತಿಳಿಯಬೇಕು. ಇವು ಹವಳದ ಹುಳುಗಳು ಕಟ್ಟಿದ ನೆಲಗಳು. ಬೆಟ್ಟವಿಲ್ಲ, ಹೊಳೆಯಿಲ್ಲ, ನೆಲದ ಬಹುಭಾಗವು ಸಮುದ್ರದ ಮಟ್ಟಕ್ಕಿಂತ ಒಂದೆರಡು ಮೀಟರು ಮಾತ್ರ ಎತ್ತರ. ಪಶ್ಚಿಮಕ್ಕೆ ಹವಳದ ದಿಬ್ಬವು ಬಿಲ್ಲಿನಂತೆ ಬಾಗಿ ನಿಂತಿರುವುದು; ದಿಬ್ಬಕ್ಕೂ ನೆಲಕ್ಕೂ ನಡುವೆ ಶಾಂತವಾದ ಒಳಗಡಲು. ಮುಂಗಾರಿನ ತೆರೆಗಳು ನೈರುತ್ಯದಿಂದ ಬಂದು ಈ ದಿಬ್ಬಕ್ಕೆ ಅಪ್ಪಳಿಸಿ ನೊರೆಯಾಗುವುವು. ಒಳಗಿನ ಮನೆಗಳು ಉಳಿಯುವುವು. ಆದರೆ ದ್ವೀಪವನ್ನು ಕಾಯುವ ಈ ದಿಬ್ಬವೇ ಹಡಗಿಗೆ ಮೃತ್ಯು. ಒಳಗೆ ಹೋಗಲು ಅಲ್ಲೊಂದು ಇಲ್ಲೊಂದು ಇಕ್ಕಟ್ಟಾದ ಬಾಯಿ ಮಾತ್ರ ಇರುವುದು. ಗಾಳಿಯು ಸ್ವಲ್ಪ ಪಕ್ಕಕ್ಕೆ ತಳ್ಳಿದರೂ ಹಡಗಿನ ಅಡಿಯು ಸೀಳಿಹೋಗುವುದು.

ನಾನು ವಿಶ್ರಾಂತನಾದ ಮರುವರ್ಷ, ಏಪ್ರಿಲ್ ತಿಂಗಳಿನಲ್ಲಿ ಕೊಚ್ಚಿಯಿಂದ ಕಡಮತ್ತಿಗೆ ಹೋಗಿದ್ದೆನು. ಹಡಗು ದಿಬ್ಬದ ಹೊರಗೆಯೇ ನಿಂತಿತು. ಅಲ್ಲಿಂದ ಸಣ್ಣ ದೋಣಿಗೆ ಇಳಿಯಬೇಕು. ಆಕಾಶದಲ್ಲಿ ಮೋಡವಿಲ್ಲ, ಮುಖಕ್ಕೆ ತಾಗುವಷ್ಟು ಗಾಳಿಯಿಲ್ಲ. ಆದರೂ ದೋಣಿಯು ಒಂದು ಆಳಿನಷ್ಟು ಏರುತ್ತ ಇಳಿಯುತ್ತ ಇದ್ದಿತು. ದೋಣಿಯವನು ನನ್ನ ತೋಳನ್ನು ಹಿಡಿದು, “ಈಗ ಬೇಡ ಮಾಷೇ, ಇನ್ನೊಂದು ತೆರೆ ಬರಲಿ” ಎಂದು ತಡೆದು, ದೋಣಿಯು ಮೇಲೆದ್ದ ಕ್ಷಣದಲ್ಲಿ ಎಳೆದುಕೊಂಡನು. ಗಾಳಿಯಿಲ್ಲದೆ ಬರುವ ಇಂತಹ ತೆರೆಗಳಿಗೆ ಕೇರಳದವರು ‘ಕಳ್ಳಕಡಲು’ ಎನ್ನುವರು. ಕನ್ನಡಕ್ಕೂ ಅದೇ ಹೆಸರು ಒಪ್ಪುವುದು. ಸಾವಿರಾರು ಕಿಲೋಮೀಟರು ದೂರದ ದಕ್ಷಿಣ ಮಹಾಸಾಗರದಲ್ಲಿ ಎಂದೋ ಎದ್ದ ಬಿರುಗಾಳಿಯ ತೆರೆಗಳು ಕೆಲವು ದಿನಗಳ ಮೇಲೆ ಸದ್ದಿಲ್ಲದೆ ಇಲ್ಲಿಗೆ ಬಂದು ಮುಟ್ಟುವುವು.

ಹಿಂದಿನ ನಾವಿಕರಿಗೆ ನಕ್ಷತ್ರಗಳೇ ದಾರಿ. ನಮ್ಮ ಮನೆಯ ಮಕ್ಕಳೂ ಇದನ್ನು ಪರೀಕ್ಷಿಸಿ ನೋಡಬಹುದು: ಧ್ರುವನಕ್ಷತ್ರವು ದಿಗಂತದಿಂದ ಎಷ್ಟು ಅಂಶ ಮೇಲಿರುವುದೋ ಅಷ್ಟೇ ಆ ಸ್ಥಳದ ಅಕ್ಷಾಂಶ. ಮಂಗಳೂರಿನಲ್ಲಿ ಅದು ಸುಮಾರು 13 ಅಂಶ, ಅಮೀನಿಯಲ್ಲಿ ಸುಮಾರು 11. ಅಂದರೆ ತೋಳನ್ನು ಚಾಚಿ ಹಿಡಿದ ಮುಷ್ಟಿಗಿಂತ ತುಸು ಮೇಲೆ. ‘ಮಾಲ್ಮಿ’ಯೆಂಬ ನಾವಿಕನು ಗಂಟುಗಳುಳ್ಳ ದಾರವನ್ನು ಕಟ್ಟಿದ ಒಂದು ಸಣ್ಣ ಹಲಗೆಯಿಂದ ಈ ಎತ್ತರವನ್ನು ಅಳೆಯುವನು. ದಾರವನ್ನು ಹಲ್ಲಿನಲ್ಲಿ ಕಚ್ಚಿ, ಹಲಗೆಯ ಕೆಳ ಅಂಚನ್ನು ದಿಗಂತಕ್ಕೂ ಮೇಲಂಚನ್ನು ನಕ್ಷತ್ರಕ್ಕೂ ಹೊಂದಿಸುವನು. ಧ್ರುವನು ಅಮೀನಿಯ ಎತ್ತರಕ್ಕೆ ಇಳಿದ ಮೇಲೆ ನೇರ ಪಶ್ಚಿಮಕ್ಕೆ ಸಾಗುವನು. ಇಷ್ಟು ತಗ್ಗಿನಲ್ಲಿರುವ ನಕ್ಷತ್ರವನ್ನು ಮುಚ್ಚಲು ಒಂದು ತೆಳು ಮೋಡವೂ ಸಾಕು. ದ್ವೀಪವಾದರೋ ಸಮೀಪಕ್ಕೆ ಬರುವವರೆಗೆ ಕಾಣದು. ಕಂಡರೂ ಮೊದಲು ಕಾಣುವುದು ತೆಂಗಿನ ತಲೆಗಳು. ಅದು ತಪ್ಪಿದರೆ ಮುಂದೆ ಆಫ್ರಿಕದವರೆಗೆ ಬರಿಯ ನೀರು. ಆದುದರಿಂದ ಮೃಗಶಿರೆ, ಆರಿದ್ರೆಗಳ ಕಾಲದಲ್ಲಿ ಕಡಲು ಮುಚ್ಚುವುದು ತೆರೆಗಳ ಭಯದಿಂದ ಮಾತ್ರವಲ್ಲ. ಆಗ ದಾರಿ ತೋರುವವನೇ ಆಕಾಶದಲ್ಲಿ ಇರುವುದಿಲ್ಲ.

ಮುಂಗಾರಿಗಾದರೂ ಒಂದು ನಿಯಮವುಂಟು. ಮೇ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಹಡಗಿಲ್ಲವೆಂದು ತಿಳಿದು ಗೃಹಿಣಿಯು ಅಕ್ಕಿಯನ್ನು ಕೂಡಿಡುವಳು, ಓಡಗಳನ್ನು ದಡಕ್ಕೆ ಎಳೆದು ಮಡಲು ಹೊದಿಸುವರು. ಚಂಡಮಾರುತಕ್ಕೆ ಈ ಮರ್ಯಾದೆಯಿಲ್ಲ. ಮುಂಗಾರಿನ ನಡುಗಾಲದಲ್ಲಿ ಮೇಲಣ ಗಾಳಿಗಳ ರಭಸವು ಅದನ್ನು ಕಟ್ಟಿಕೊಳ್ಳಲು ಬಿಡುವುದಿಲ್ಲ. ಕಡಲು ಕಾದಿರುವ ಏಪ್ರಿಲ್‌ನಿಂದ ಜೂನ್‌ವರೆಗೂ, ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೂ ಅದರ ಕಾಲ.

1847ರ ಏಪ್ರಿಲ್ ತಿಂಗಳಿನಲ್ಲಿ ಅಂತಹದೊಂದು ಮಾರುತವು ಕಲ್ಪೇನಿ, ಆಂದ್ರೋತ್ ದ್ವೀಪಗಳನ್ನು ಹಾಳುಗೆಡವಿ, ಉತ್ತರದ ಕಿಲ್ತಾನಿನವರೆಗೂ ಸಾಗಿತು. ಸಮುದ್ರವು ನೆಲದ ಮೇಲೆ ಹರಿದು ಕಲ್ಪೇನಿಯಲ್ಲಿ ನೂರಾರು ಜನ ಕೊಚ್ಚಿಹೋದರು. ಆದರೆ ನನ್ನ ಮನಸ್ಸನ್ನು ಹೆಚ್ಚು ಕಲಕುವುದು ಆ ರಾತ್ರಿಯಲ್ಲ, ಅನಂತರದ ತಿಂಗಳುಗಳು. ಇಂತಹ ದ್ವೀಪದಲ್ಲಿ ಮಳೆಯ ಸಿಹಿನೀರು ನೆಲದೊಳಗಣ ಉಪ್ಪುನೀರಿನ ಮೇಲೆ ತೆಳ್ಳನೆಯ ಪದರವಾಗಿ ತೇಲುತ್ತಿರುವುದು; ಬಾವಿಯ ನೀರು ಭರತ ಇಳಿತಗಳೊಡನೆ ಏರಿಳಿಯುವುದು. ಕಡಲು ಒಮ್ಮೆ ಮೇಲೆ ಹರಿದರೆ ಬಾವಿಗಳು ಉಪ್ಪಾಗುವುವು. ತೆಂಗು ಬಿದ್ದರೆ ಆಹಾರವೂ ಹೋಯಿತು, ಅಕ್ಕಿಗೆ ಬದಲು ಕೊಡುವ ಹುರಿಯೂ ಹೋಯಿತು. ಹೊಸ ಸಸಿಯು ಫಲ ಕೊಡಲು ವರ್ಷಗಳು ಬೇಕು. ಮಾರುತವು ಬಂದುದು ಏಪ್ರಿಲಿನಲ್ಲಿ. ಕಡಲು ಮುಚ್ಚಲು ಉಳಿದಿದ್ದುದು ಒಂದೇ ತಿಂಗಳು. ನೀರಿನಿಂದ ಪಾರಾದವರಲ್ಲಿಯೂ ಅನೇಕರು ಆ ಮಳೆಗಾಲದಲ್ಲಿ ಹಸಿವಿನಿಂದ ಸತ್ತರು. ಪರಿಹಾರದ ಸಾಲವನ್ನು ತೀರಿಸಲಾರದೆ ಅರಕ್ಕಲ್ ಮನೆತನವು ಕಾಲಕ್ರಮದಲ್ಲಿ ತನ್ನ ಪಾಲಿನ ದ್ವೀಪಗಳನ್ನೂ ಕಳೆದುಕೊಂಡಿತು.

ಈಗ ಕಾಲವು ಬದಲಾಗಿದೆ. 1885ರಲ್ಲಿ ಮಿನಿಕಾಯಿಯಲ್ಲಿ ದೀಪಸ್ತಂಭವು ಎದ್ದಿತು. 1988ರಿಂದ ಅಗತ್ತಿಯಲ್ಲಿ ವಿಮಾನವಿಳಿಯುತ್ತಿದೆ. 2005ರಲ್ಲಿ ಕವರತ್ತಿಯಲ್ಲಿ ಕಡಲನೀರನ್ನು ಸಿಹಿಯಾಗಿಸುವ ಸ್ಥಾವರವು ಆರಂಭವಾಯಿತು. ಹವಾಮಾನ ಇಲಾಖೆಯವರು ಮುಂಗಾರು ಕೇರಳವನ್ನು ಮುಟ್ಟಿತೆಂದು ನಿರ್ಣಯಿಸುವುದಕ್ಕೆ 14 ಊರುಗಳ ಮಳೆಯನ್ನು ನೋಡುವರು. ಆ ಪಟ್ಟಿಯಲ್ಲಿ ಮಿನಿಕಾಯ್, ಅಮೀನಿಗಳೂ ಇವೆ, ನಮ್ಮ ಮಂಗಳೂರೂ ಇದೆ. ಮೇ 10ರ ಅನಂತರ ಈ ಊರುಗಳಲ್ಲಿ ನೂರಕ್ಕೆ ಅರವತ್ತು ಪಾಲು ಎರಡು ದಿನ ಸತತವಾಗಿ 2.5 ಮಿಲಿಮೀಟರಾದರೂ ಮಳೆ ಪಡೆಯಬೇಕು. ಗಾಳಿ, ಮೋಡಗಳ ಲಕ್ಷಣಗಳೂ ಕೂಡಿಬರಬೇಕು. ಅದೇ ಕಡಲು, ಅದೇ ಮಳೆ. ಆಡಳಿತವು ಬೇರೆಯಾದರೂ ಪಂಚಾಂಗವು ಒಂದೇ.

ಆದರೂ ಕಡಲು ಹಳೆಯದೇ. 2017ರ ಡಿಸೆಂಬರಿನಲ್ಲಿ ಓಖಿ ಚಂಡಮಾರುತವು ಮಿನಿಕಾಯ್, ಕಲ್ಪೇನಿಗಳನ್ನು ಬಡಿಯಿತು. 2021ರ ಮೇ ತಿಂಗಳಿನಲ್ಲಿ ತೌಕ್ತೆಯು ಈ ದ್ವೀಪಗಳ ಬಳಿಯೇ ಹುಟ್ಟಿ ಗುಜರಾತಿನವರೆಗೆ ಹೋಯಿತು. ಮಂಗಳೂರಿನ ಹಳೆಯ ಬಂದರದಿಂದ ಮಂಜಿಗಳು ಇಂದಿಗೂ ಸಿಮೆಂಟು, ತರಕಾರಿ, ದಿನಸಿಗಳನ್ನು ಹೊತ್ತು ದ್ವೀಪಗಳಿಗೆ ಹೋಗುತ್ತಿವೆ. 2025ರ ಮೇ ಮಧ್ಯದಲ್ಲಿ, ಕಡಲು ಮುಚ್ಚುವ ಹೊತ್ತಿಗೆ, ಕಡಮತ್ತಿಗೆ ಹೊರಟಿದ್ದ ಒಂದು ಮಂಜಿಯೊಳಗೆ ನೀರು ನುಗ್ಗಿ ಅದು ಮುಳುಗಿತು. ಅದರಲ್ಲಿದ್ದ ಆರು ಮಂದಿ ಚಿಕ್ಕ ದೋಣಿಯೊಂದರಲ್ಲಿ ತೇಲುತ್ತಿದ್ದುದನ್ನು ಕಂಡು ಕೋಸ್ಟ್ ಗಾರ್ಡಿನವರು ಎಲ್ಲರನ್ನೂ ಉಳಿಸಿದರು. ಸರಕು ಮಾತ್ರ ತಳ ಸೇರಿತು. ಕಡಮತ್ತಿನವರು ಸೆಪ್ಟೆಂಬರಿನ ಮಂಜಿಯನ್ನು ಕಾಯಬೇಕಾಯಿತು.