ಕೂಗುಮಾರಿ ಕಾರು

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಲು ಬಂದವರ ಕಾರುಗಳು ಬುಡದಲ್ಲಿ ನಿಂತಿರುತ್ತವೆ. ಮಾಲೀಕರು ಕೋಟೆಯ ಮೆಟ್ಟಿಲಲ್ಲಿ ಏದುಸಿರು ಬಿಡುತ್ತಿರುವ ಹೊತ್ತಿಗೆ ಕೆಳಗೆ ಅವುಗಳಲ್ಲೊಂದು ಊರೆಲ್ಲ ಒಂದು ಮಾಡುವಂತೆ ಕೂಗತೊಡಗಿದರೆ ಯಾರೂ ಓಡಿಬರುವುದಿಲ್ಲ. ನೆರಳಲ್ಲಿ ಮಲಗಿದ ನಾಯಿ ಕಿವಿ ಕೂಡ ನಿಮಿರಿಸುವುದಿಲ್ಲ. “ಸುಮ್ನೆ ಬಡ್ಕೊಂತೈತೆ ಬಿಡು” ಎನ್ನುವಲ್ಲಿಗೆ ತನಿಖೆ ಮುಕ್ತಾಯ. ಈ ತೀರ್ಪಿನ ಮೊದಲರ್ಧ ತಪ್ಪು, ಉಳಿದರ್ಧ ಸರಿ ಎಂಬುದು ನನ್ನ ವಾದ. ಕಾರು ಸುಮ್ಮನೆ ಬಡಿದುಕೊಳ್ಳುವುದಿಲ್ಲ. ಆದರೆ ಜನ ಅದನ್ನು ಬಿಟ್ಟುಬಿಡುವುದರಲ್ಲಿ ನ್ಯಾಯವಿದೆ, ಏಕೆಂದರೆ ಆ ಕೂಗಿಗೆ ಹೊಣೆಗಾರನೇ ಇಲ್ಲ.

ಮೊದಲು ಕಾರಿನ ಕಳ್ಳರ ಅಲಾರಮ್ಮು ಸುಳ್ಳೇ ಕೂಗುವ ಕಾರಣಗಳ ಮಾತು. ಬಾನೆಟ್ಟಿನ ಅಡಿಯಲ್ಲಿ ಕಿರುಬೆರಳಿನಷ್ಟು ಸಣ್ಣದೊಂದು ಸ್ವಿಚ್ ಇರುತ್ತದೆ. ಬಾನೆಟ್ ಮುಚ್ಚಿದಾಗ ಅದು ಒತ್ತಿಕೊಂಡಿರಬೇಕು. ಪಾವಗಡದ ಕಡೆಯ ಧೂಳು ಅದರ ಸಂದಿಯಲ್ಲಿ ಕೂತು, ಮೇಲೆ ವಾಟರ್ ವಾಷ್‌ನ ನೀರೂ ಸೇರಿ ತುಕ್ಕು ಹಿಡಿಯಿತೆಂದರೆ, ಮುಚ್ಚಿದ ಬಾನೆಟ್ಟೂ ಅಲಾರಮ್ಮಿನ ಲೆಕ್ಕದಲ್ಲಿ ತೆರೆದದ್ದೇ. ಒಳಗೆ ಅಲ್ಟ್ರಾಸಾನಿಕ್ ಸೆನ್ಸರ್ ಇದ್ದರೆ, ಸೆಖೆಗೆಂದು ಎರಡು ಬೆರಳಷ್ಟು ಇಳಿಸಿಟ್ಟ ಗಾಜಿನಿಂದ ಗಾಳಿ ನುಗ್ಗಿ ಕನ್ನಡಿಗೆ ತೂಗುಹಾಕಿದ ಗಣಪತಿ ಅಲುಗಿದರೂ ಅವನೇ ಕಳ್ಳ. ಶಾಕ್ ಸೆನ್ಸರನ್ನು ಪೂರಾ ಏರಿಸಿಟ್ಟಿದ್ದರಂತೂ ಶಿರಾದಲ್ಲಿ 48ನೇ ರಾಷ್ಟ್ರೀಯ ಹೆದ್ದಾರಿಯ ಲಾರಿಗಳ ನಡುಕವೇ ಸಾಕು. ಇನ್ನು ಬ್ಯಾಟರಿ. ಪೂರ್ತಿ ಚಾರ್ಜಾಗಿ ಸುಮ್ಮನಿರುವಾಗ ಅದು 12.6 ವೋಲ್ಟ್ ಆಸುಪಾಸು ತೋರಿಸಬೇಕು. 12ಕ್ಕಿಂತ ಕೆಳಗಿಳಿದರೆ ಕೆಲವು ಅಲಾರಮ್‌ಗಳು ಯಾರೋ ವಯರಿಗೆ ಕೈ ಹಾಕಿದರೆಂದೇ ತಿಳಿಯುತ್ತವೆ. ಪತ್ತೆದಾರಿಕೆಗೆ ದೊಡ್ಡ ವಿದ್ಯೆ ಬೇಡ. ಎಷ್ಟೋ ಅಲಾರಮ್‌ಗಳು ಆಫ್ ಮಾಡುವಾಗ ಡ್ಯಾಶ್‌ಬೋರ್ಡಿನ ಪುಟ್ಟ ಕೆಂಪು ದೀಪವನ್ನು ಇಂತಿಷ್ಟು ಸಲ ಮಿನುಗಿಸಿ ಯಾವ ಸೆನ್ಸರಿನ ದೂರು ಎಂದು ಹೇಳಿಬಿಡುತ್ತವೆ. ಹೇಳದಿದ್ದರೆ ರಾತ್ರಿಗೊಂದು ಸೆನ್ಸರಿನ ಸಂಪರ್ಕ ತಪ್ಪಿಸಿ ನೋಡುವುದು. ಯಾವುದನ್ನು ತಪ್ಪಿಸಿದಾಗ ಊರು ನಿದ್ದೆ ಮಾಡಿತೋ ಅದೇ ಅಪರಾಧಿ.

ಆದರೆ ಸ್ವಿಚ್ ಬದಲಿಸಿದ ಮಾತ್ರಕ್ಕೆ ಅಲಾರಮ್ಮಿಗೆ ಮರ್ಯಾದೆ ಬರುವುದಿಲ್ಲ. ಮರ್ಯಾದೆ ಎಲ್ಲಿಂದ ಬರುತ್ತದೆಂದು ತಿಳಿಯಲು ಶಿರಾಕ್ಕೇ ಹೋಗಬೇಕು. 1687ರಲ್ಲಿ ಮೊಘಲರು ಆ ಊರನ್ನು ಒಂದು ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿ ಮಾಡಿಕೊಂಡರು. ಮುಂದೆ ಸುಮಾರು 70 ವರ್ಷ ಬರಗಾಲದ ಈ ಸೀಮೆ ಅವರ ಆಡಳಿತದ ರೀತಿರಿವಾಜು ಕಂಡಿತು. ಆ ಆಡಳಿತದಲ್ಲಿ ನನಗೆ ಬಲು ಪ್ರೀತಿಯವನೆಂದರೆ ಪಟ್ಟಣದ ಕಾವಲು ಹೊತ್ತ ಕೊತ್ವಾಲ. ಅಕ್ಬರನ ಆಸ್ಥಾನದ ಅಬುಲ್ ಫಜಲನ ‘ಐನ್-ಇ-ಅಕ್ಬರಿ’ ಅವನಿಗೊಂದು ನಿಯಮ ಹಾಕಿದೆ: ಕಳ್ಳನನ್ನೂ ಕದ್ದ ಮಾಲನ್ನೂ ಪತ್ತೆ ಹಚ್ಚಬೇಕು, ಇಲ್ಲವಾದರೆ ನಷ್ಟಕ್ಕೆ ತಾನೇ ಹೊಣೆ. ಒಂದು ಸದ್ದಿಗೆ ಕಿವಿಗೊಡಬೇಕೋ ಬೇಡವೋ ಎಂಬುದನ್ನು ಕಿಸೆಯ ದುಡ್ಡು ಪಣಕ್ಕಿಟ್ಟವನಷ್ಟು ಚೆನ್ನಾಗಿ ಯಾರು ತೀರ್ಮಾನಿಸಬಲ್ಲರು? ಹಳ್ಳಿಗಳಲ್ಲಿ ತಳವಾರನಿಗೆ ಕಳ್ಳಕಾಕರ ಸುಳಿವು, ತೋಟಿಗೆ ಬೆಳೆಯ ಕಾವಲು. ಅದಕ್ಕೆ ಪ್ರತಿಯಾಗಿ ಕಣದ ರಾಶಿಯಲ್ಲಿ ಆಯ, ಅಂದರೆ ಧಾನ್ಯದ ಪಾಲು. ಆಯ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಹಿತೋಪದೇಶದ ಅಗಸನ ಮನೆಯೇ ಸಾಕ್ಷಿ. ಕಳ್ಳ ನುಗ್ಗಿದರೂ, ಒಡೆಯ ಹೊಟ್ಟೆಗೆ ಹಾಕುವುದಿಲ್ಲವೆಂದು ನಾಯಿ ಬೊಗಳಲಿಲ್ಲ. ಅದರ ಕೆಲಸವನ್ನು ಮೈಮೇಲೆ ಎಳೆದುಕೊಂಡು ಅರಚಿದ ಕತ್ತೆ, ನಿದ್ದೆ ಕೆಟ್ಟ ಒಡೆಯನಿಂದ ಏಟು ತಿಂದಿತು. ನಮ್ಮ ಅಲಾರಮ್ಮು ಆ ಕತ್ತೆಯ ವಂಶದ್ದು. ನಿಯತ್ತಿಗೆ ಕೊರತೆಯಿಲ್ಲ, ಹುದ್ದೆ ಮಾತ್ರ ಇಲ್ಲ.

ಬರೆದಿಟ್ಟ ನಿಯಮವೆಲ್ಲ ನಡೆಯಿತೆಂದು ನಂಬುತ್ತೀರಾ ಎಂದು ಕೇಳಬಹುದು. ನಂಬುವುದಿಲ್ಲ, ದಂಡದ ದುಡ್ಡನ್ನು ಬಡವರ ಮೇಲೆ ಹೇರಿದ ಕೊತ್ವಾಲರೂ ಇದ್ದಿರಲೇಬೇಕು. ತೋಟಿ ತಳವಾರಿಕೆ ಜಾತಿಯ ನೊಗವಾಗಿತ್ತಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ವಂಶಪಾರಂಪರ್ಯದ ಬಲವಂತದ ಚಾಕರಿಯನ್ನು ಯಾರೂ ಹಾಡಿ ಹೊಗಳಬೇಕಿಲ್ಲ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ಅದನ್ನು ಕಿತ್ತುಹಾಕಿದ್ದು ಒಳ್ಳೆಯದೇ ಆಯಿತು. ಹಳೆಯ ಪದ್ಧತಿಯಿಂದ ನಾನು ಎತ್ತಿಕೊಳ್ಳುತ್ತಿರುವುದು ಹೊಣೆಯ ತತ್ತ್ವವೊಂದನ್ನೇ. ‘ಯಾರೂ ಬರದಿದ್ದರೇನು, ಸದ್ದಿಗೇ ಕಳ್ಳ ಹೆದರುತ್ತಾನೆ’ ಎಂಬುದು ಮೂರನೆಯ ಮಾತು. ಅಮೆರಿಕದ ವಿಮಾ ವಲಯದ ಸಂಸ್ಥೆಯೊಂದು 1997ರಲ್ಲಿ ಕ್ಲೇಮುಗಳನ್ನು ತಾಳೆ ನೋಡಿದಾಗ, ಅಲಾರಮ್ ಇದ್ದ ಕಾರುಗಳಲ್ಲಿ ಕಳವಿನ ನಷ್ಟ ಒಟ್ಟಾರೆ ತಗ್ಗಿದ್ದು ಕಾಣಲಿಲ್ಲ. ‘ಹುಲಿ ಬಂತು ಹುಲಿ’ ಎಂಬ ಹುಡುಗನನ್ನು ಊರವರು ಮಾತ್ರವಲ್ಲ, ಹುಲಿಯೂ ಅರ್ಥಮಾಡಿಕೊಂಡಿರುತ್ತದೆ. ಹಾಗಿದ್ದರೆ ಕಾರನ್ನು ದೇವರ ಮೇಲೆ ಭಾರ ಹಾಕಿ ಬಿಡಬೇಕೆ? ಬೇಡ. ಕಳ್ಳನ ಕೈ ಕಟ್ಟುವುದು ಸದ್ದಿಲ್ಲದ ಇಮ್ಮೊಬಿಲೈಸರ್. ಸರಿಯಾದ ಕೀ ಅಲ್ಲವೆಂದರೆ ಎಂಜಿನ್ನೇ ಏಳದು. ಯುರೋಪಿನ ಒಕ್ಕೂಟ 1998ರಲ್ಲೇ ಅದನ್ನು ಹೊಸ ಕಾರುಗಳಿಗೆ ಕಡ್ಡಾಯ ಮಾಡಿತು.

ಆದ್ದರಿಂದ ಕೊರಟಗೆರೆಯ ಬೀದಿಯಲ್ಲಿ ರಾತ್ರಿ ಕಾರು ನಿಲ್ಲಿಸುವವರು ಮಾಡಬೇಕಾದ್ದು ಇಷ್ಟು. ಶಾಕ್ ಸೆನ್ಸರಿನ ಸೂಕ್ಷ್ಮತೆ ಇಳಿಸಿ, ಬಾನೆಟ್ ಸ್ವಿಚ್ಚಿನ ಧೂಳು ಒರೆಸಿ, ಬ್ಯಾಟರಿ ಅಳೆಸಿ, ಆಮೇಲೆ ಮುಂಗಾಜಿನ ಮೂಲೆಯಲ್ಲಿ ನಿಮ್ಮ ಫೋನ್ ನಂಬರ್ ಅಂಟಿಸಿ. ಕೂಗಿಗೊಬ್ಬ ಹೊಣೆಗಾರ ಸಿಕ್ಕನೆಂದರೆ ಕೇಳುವ ಕಿವಿಗಳೂ ಹುಟ್ಟುತ್ತವೆ. ಕೊತ್ವಾಲನ ಕಾನೂನನ್ನು ತಿರುವಿ, ಸುಳ್ಳು ಕೂಗಿದ ಕಾರಿನ ಒಡೆಯ ಮಾರನೆಯ ಬೆಳಿಗ್ಗೆ ಬೀದಿಗೆಲ್ಲ ಕಾಫಿ ಕುಡಿಸಬೇಕೆಂದು ಪುರಸಭೆ, ಪಟ್ಟಣ ಪಂಚಾಯಿತಿಗಳು ಠರಾವು ಮಾಡಿದರೆ, ಬೆಳಗಾಗುವಷ್ಟರಲ್ಲಿ ಮಧುಗಿರಿ, ಪಾವಗಡ, ಶಿರಾ, ಕೊರಟಗೆರೆ ಈ ನಾಲ್ಕೂ ತಾಲ್ಲೂಕಿನ ಸ್ವಿಚ್ಚುಗಳು ರಿಪೇರಿಯಾಗಿರುತ್ತವೆ.