ಇಳಿಯಲೊಲ್ಲದ ಸರಪಣಿ

ಮಗಳ ಮೌಂಟನ್ ಬೈಸಿಕಲ್ಲಿನ ಹಿಂದಿನ ಗೇರು ನಂದಿಬೆಟ್ಟದ ದಾರಿಯಲ್ಲಿ ಕೈಕೊಟ್ಟಿತೆಂದು ಕೇಳಿ, ‘ನೀನು ಒರಟಾಗಿ ಒತ್ತಿದ್ದರಿಂದಲೇ’ ಎಂದು ನಾವು ಗದರಿಸಿದೆವು. ಎರಡು ಸಂಜೆ ಗೇರಿನ ತಂತಿಯ ತಿರುಪನ್ನು ಅತ್ತಿತ್ತ ತಿರುಗಿಸಿದ್ದೇ ಬಂತು. ಸರಪಣಿಯು ದೊಡ್ಡ ಹಲ್ಲುಚಕ್ರಕ್ಕೆ ಏರುವುದು. ಚಿಕ್ಕದಕ್ಕೆ ಮರಳಿ ಇಳಿಯಲೊಲ್ಲದು. ಏರಿಸುವುದು ತಂತಿಯ ಸೆಳೆತ, ಇಳಿಸುವುದು ಸ್ಪ್ರಿಂಗಿನ ಬಲ. ತಂತಿಯೇ ತನ್ನ ಕೊಳವೆಯೊಳಗೆ ಬಿಗಿದು ನಿಂತರೆ ಸ್ಪ್ರಿಂಗು ಏನು ಮಾಡೀತು? ಬಿಚ್ಚಿ ನೋಡಲಾಗಿ ಒಳಗೆಲ್ಲ ತುಕ್ಕು, ಕೆಸರು. ವಾಚಕರು ನಗಬಾರದು, ಮಳೆಗಾಲವೆಲ್ಲ ಅದನ್ನು ಹಿತ್ತಲಲ್ಲಿ ನಿಲ್ಲಿಸಿದವರು ನಾವೇ! ಹೊಸ ತಂತಿ, ಹೊಸ ಕೊಳವೆಗಳನ್ನು ಹಾಕಿ ತಿರುಪನ್ನು ಹದಗೊಳಿಸಿದ ಮೇಲೆ ಸರಪಣಿಯು ಒಂದೊಂದೇ ಚಕ್ರಕ್ಕೆ ಸದ್ದಿಲ್ಲದೆ ಇಳಿಯಿತು. ತಪ್ಪು ನಮ್ಮದೆಂದು ಒಪ್ಪಿಕೊಂಡೆವು. ಮಗಳು ಏನೂ ಹೇಳಲಿಲ್ಲ. ಗಂಟೆಯನ್ನು ಮಾತ್ರ ಎರಡು ಸಲ ಬಾರಿಸಿದಳು.